ಹಿತ್ತಲಿನ ಔಟ್‌ಹೌಸು

ಅಲಮೇಡಾದ ಆ ಮನೆಯ ಮುಂದಿನ ಕೋಣೆಯಲ್ಲಿ ಕುರ್ಚಿಗಳು ಬೇಕಾದಷ್ಟಿದ್ದವು, ಬಂದು ಕೂರುವವರಿರಲಿಲ್ಲ. ನಮಗಿಂತ ಮೊದಲು ಬಾಡಿಗೆಗಿದ್ದವರು ಬಿಟ್ಟುಹೋದ ಮರದ ಕುರ್ಚಿಗಳವು. ಅವ್ವ ಪ್ರತಿ ಶನಿವಾರ ಅವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಗೋಡೆಗುಂಟ ಸಾಲಾಗಿ ಇಡುತ್ತಿದ್ದಳು, ಸಂಜೆ ಯಾರೋ ಬರುವವರಿದ್ದಾರೆ ಎನ್ನುವ ಹಾಗೆ. ಮನೆ ಪೂರ್ತಿ ಕಟ್ಟಿಗೆಯದು, ಬಹಳ ಹಳೆಯದು. ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿದರೆ ಮಹಡಿಯ ಮೇಲೆ ನನ್ನ ಮಂಚಕ್ಕೆ ಆ ಸದ್ದು ಬರುತ್ತಿತ್ತು. ಬೆಳಿಗ್ಗೆ ಕಿಟಕಿ ತೆಗೆದರೆ ಕೊಲ್ಲಿಯ ಕಡೆಯಿಂದ ಮಂಜು, ದೂರದಲ್ಲಿ ಫೆರ್ರಿ ದೋಣಿಯ ಕೂಗು. ಅಪ್ಪನ ಆಫೀಸಿನ ಕನ್ನಡದವರೆಲ್ಲ ಫ್ರೀಮಾಂಟು, ನೆವಾರ್ಕು, ದುಡ್ಡಿದ್ದವರು ಕ್ಯುಪರ್ಟಿನೋ ಅಂತ ಒಬ್ಬರ ಪಕ್ಕ ಒಬ್ಬರು ಮನೆ ಮಾಡಿಕೊಂಡಿದ್ದರು. ನಾವು ಮಾತ್ರ ಈ ದ್ವೀಪಕ್ಕೆ ಬಂದಿದ್ದೆವು. ಅಪ್ಪ ದಿನಾ ಸೇತುವೆ ದಾಟಿ, ಫ್ರೀವೇಯ ಟ್ರಾಫಿಕ್ಕಿನಲ್ಲಿ ಕೂತು ಹೋಗಿಬರುತ್ತಿದ್ದ. ಇಷ್ಟು ದೂರ ಯಾಕೆ ಅಂತ ಕೇಳಿದರೆ ಒಂದೇ ಉತ್ತರ:

"ಇಲ್ಲಿ ಗಾಳಿ ಚಲೋ ಐತಿ."

ಗದಗಿನಿಂದ ಈ ದೇಶಕ್ಕೆ ಬಂದಾಗ ನನಗೆ ಒಂಬತ್ತು ವರ್ಷ. ಮೊದಮೊದಲು ಎಲ್ಲರ ಹಾಗೆ ನಾವೂ ಲಿವರ್‌ಮೋರ್‌ನ ಗುಡ್ಡದ ಮೇಲಿನ ದೇವಸ್ಥಾನಕ್ಕೆ ಹೋಗಿದ್ದೆವು. ಅವ್ವ ಇಳಕಲ್ ಸೀರೆ ಉಟ್ಟಿದ್ದಳು. ಊಟಕ್ಕೆ ಕೂತಾಗ ಎದುರಿಗೆ ಹುಬ್ಬಳ್ಳಿಯ ಅಜ್ಜರೊಬ್ಬರು, ಮಗನ ಮನೆಗೆ ಬಂದವರು, ಅಪ್ಪನ ಮಾತು ಕೇಳಿ ಮುಖ ಅರಳಿಸಿದರು.

"ನಮ್ಮ ಕಡಿಯವರs ಅದೀರಲ್ಲ! ಗದಗಿನಾಗ ಯಾವ ಓಣಿ?"

"ಸ್ಟೇಷನ್ ಕಡೆ," ಅಂದ ಅಪ್ಪ.

"ಸ್ಟೇಷನ್ ಕಡೆ ಅಂದ್ರ ಎಲ್ಲಿ? ಅಲ್ಲಿ ನಮ್ಮ ಮಂದಿ ಭಾಳ ಅದಾರ. ಅಡ್ಡಹೆಸರು ಏನ್ ನಿಮ್ಮದು?"

ಅಪ್ಪನಿಗೆ ಕಾರಿನಲ್ಲಿ ಏನೋ ಮರೆತದ್ದು ನೆನಪಾಯಿತು. ಎದ್ದು ಹೊರಗೆ ಹೋದವನು ತಿರುಗಿ ಬರಲಿಲ್ಲ. ಅವ್ವ ನನ್ನ ತಟ್ಟೆಯಲ್ಲಿದ್ದ ಅನ್ನ ಬೇಗ ಬೇಗ ತಿನ್ನಿಸಿ ಕೈಹಿಡಿದು ಕರೆದುಕೊಂಡು ಬಂದಳು. ಆಮೇಲೆ ನಾವು ಆ ಗುಡ್ಡ ಹತ್ತಲಿಲ್ಲ. ನಾನು ಊಟ ಮಾಡುವ ರೀತಿಯಲ್ಲಿ ಏನೋ ತಪ್ಪಿರಬೇಕು, ಅದಕ್ಕೇ ಅಪ್ಪನಿಗೆ ನಾಚಿಕೆಯಾಗಿರಬೇಕು ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ. ಮನೆಯಲ್ಲಿ ಒಬ್ಬಳೇ ಇದ್ದಾಗ ಕನ್ನಡಿ ಎದುರು ಕೂತು ತುತ್ತು ಬಾಯಿಗೆ ಇಡುವುದನ್ನು ನೋಡಿಕೊಳ್ಳುತ್ತಿದ್ದೆ.

ನಮ್ಮ ಮನೆಗೆ ಬರುತ್ತಿದ್ದುದು ಒಂದೇ ಒಂದು ಸಂಸಾರ. ಅಪ್ಪನ ಆಫೀಸಿನ ನಾಗರಾಜ್ ಅಂಕಲ್, ಗೀತಾ ಆಂಟಿ, ಅವರ ಮಗಳು ವಿದ್ಯಾ, ಬೆಂಗಳೂರಿನವರು, ಫ್ರೀಮಾಂಟಿನಲ್ಲಿದ್ದರು. ವಿದ್ಯಾ ಇಲ್ಲೇ ಹುಟ್ಟಿದವಳು. ನಾನು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಇಬ್ಬರಿಗೂ ಪೂರ್ತಿ ತಿಳಿಯುತ್ತಿತ್ತು. ಶಾಲೆಯಲ್ಲಿ ನನ್ನ ಜೊತೆ ಊಟಕ್ಕೆ ಕೂರುವವರಿರಲಿಲ್ಲ. ನನಗೆ ಅದರ ಚಿಂತೆಯೂ ಇರಲಿಲ್ಲ, ಯಾಕೆಂದರೆ ತಿಂಗಳಿಗೆ ಒಮ್ಮೆಯೋ ಎರಡು ಸಲವೋ ವಿದ್ಯಾ ಬರುತ್ತಿದ್ದಳು. ಅವಳು ಬಂದು ಹೋದ ಮೇಲೆ ನನ್ನ ದಿಂಬಿಗೆ ಅವಳ ಶಾಂಪೂವಿನ ವಾಸನೆ ಇರುತ್ತಿತ್ತು. ಆ ಕವರು ಒಗೆಯಬೇಡ ಅಂತ ಅವ್ವನಿಗೆ ಹೇಳುತ್ತಿದ್ದೆ.

ಎರಡನೇ ವರ್ಷದ ಬೇಸಿಗೆ ರಜೆಯಲ್ಲಿ ಪಕ್ಕದ ಮನೆಯ ರೂತ್ ನಮ್ಮ ಹಿಂಬಾಗಿಲು ತಟ್ಟಿದರು. ಎಪ್ಪತ್ತು ದಾಟಿದ, ಎತ್ತರದ, ಸೊಂಟ ಸ್ವಲ್ಪ ಬಾಗಿದ ಹೆಂಗಸು. ಹಿಂದಿನ ಚಳಿಗಾಲದಲ್ಲಿ ಗಂಡ ತೀರಿಹೋಗಿದ್ದ. ಅವನ ಬೂಟುಗಳನ್ನೇ ಹಾಕಿಕೊಂಡಿದ್ದರು, ಸಡಿಲವಾಗದಿರಲಿ ಅಂತ ಒಳಗೆ ಪೇಪರು ತುರುಕಿ. ಕೈಯಲ್ಲಿ ಒಂದು ಉದ್ದನೆಯ ಉಕ್ಕಿನ ಸಲಾಕೆ, ಅದರ ತುದಿಗೆ ಅಡ್ಡ ಹಿಡಿಕೆ. ಅಪ್ಪ ಆಫೀಸಿಗೆ ಹೋಗಿದ್ದ. ಅವ್ವನಿಗೆ ಇಂಗ್ಲಿಷು ಅಷ್ಟಕ್ಕಷ್ಟೆ, ಹೀಗಾಗಿ ನಾನೇ ನಡುವೆ ನಿಂತೆ. ಅವರು ಹೇಳಿದ್ದರಲ್ಲಿ ನನಗೆ ತಿಳಿದದ್ದು ಇಷ್ಟು: ಈ ಮನೆ ಕಟ್ಟಿದ ಕಾಲದಲ್ಲಿ ಹಿತ್ತಲಿನ ಮೂಲೆಯಲ್ಲಿ ಒಂದು ಔಟ್‌ಹೌಸ್ ಇತ್ತು, ಅದರ ಕೆಳಗೆ ಆಗಿನ ಜನ ಎಸೆದ ಬಾಟಲಿಗಳು ಸಿಗುತ್ತವೆ, ತಾನೂ ಗಂಡನೂ ಮೂವತ್ತು ವರ್ಷ ಇಂಥ ಜಾಗ ಹುಡುಕಿ ಅಗೆದವರು, ನಮ್ಮ ಹಿತ್ತಲಿನ ಮೇಲೆ ಅವನಿಗೆ ಯಾವಾಗಲೂ ಕಣ್ಣಿತ್ತು, ಕೇಳಲು ಸಂಕೋಚಪಟ್ಟು ಸತ್ತೇಹೋದ.

"ಏನಂತಾಳ ಆಕಿ?" ಅಂದಳು ಅವ್ವ.

"ಹಿತ್ತಲದಾಗ ಔಟ್‌ಹೌಸ್ ಇತ್ತಂತ ಅವ್ವ. ಅಗದು ನೋಡ್ತಾಳಂತ. ಹಳೇ ಬಾಟ್ಲಿ ಅದಾವಂತ."

ಊರಿನಲ್ಲಿ ಔಟ್‌ಹೌಸ್ ಎಂದರೆ ದೊಡ್ಡ ಬಂಗಲೆಗಳ ಹಿಂದೆ ಬಾಡಿಗೆಗೆ ಕೊಡುವ ಸಣ್ಣ ಮನೆ. ನಾನೂ ಅದನ್ನೇ ತಿಳಿದೆ, ಅವ್ವನೂ ಅದನ್ನೇ ತಿಳಿದಳು.

"ನೋಡ್ಲಿ ಬಿಡು. ಪಾಪ, ಒಬ್ಬಾಕಿನs ಅದಾಳ. ಚಾ ಕುಡೀತಾಳೇನು ಕೇಳು."

ಆ ವಾರವೆಲ್ಲ ನಾನು ರೂತ್ ಜೊತೆಗಿದ್ದೆ. ಅವ್ವ ಅವರನ್ನು ರೂತವ್ವ ಎಂದು ಕರೆಯತೊಡಗಿದ್ದಳು, ಅವರು ಅದಕ್ಕೆ ಓಗೊಡತೊಡಗಿದ್ದರು. ನಿಂಬೆಗಿಡದ ಹಿಂದೆ, ಬೇಲಿಯ ಪಕ್ಕದಲ್ಲಿ, ಸಲಾಕೆಯನ್ನು ನೆಲಕ್ಕೆ ಒತ್ತುತ್ತ ಹೋಗುವುದು ಮೊದಲ ಕೆಲಸ. ಗಟ್ಟಿ ನೆಲದಲ್ಲಿ ಅದು ಅರ್ಧಕ್ಕೇ ನಿಲ್ಲುತ್ತಿತ್ತು. ಒಂದು ಕಡೆ ಮಾತ್ರ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು, ತಳದಲ್ಲಿ ಏನೋ ಕರಕರ ಎಂದಿತು. ರೂತ್ ನನ್ನ ಕೈಯನ್ನು ಹಿಡಿಕೆಯ ಮೇಲಿಟ್ಟು, ನೀನೂ ಕೇಳು, ಅಂದರು. ಕಿವಿಗೆ ಕೇಳಿಸುವುದಲ್ಲ ಅದು, ಮುಂಗೈಗೆ ತಿಳಿಯುವುದು. ಗಾಜು, ಅಂದರು ಅವರು. ಆ ವಯಸ್ಸಿನಲ್ಲಿ ಅವರ ಕಣ್ಣಲ್ಲಿ ಅಂಥ ಹೊಳಪು ನೋಡಿ ನನಗೂ ಮೈ ಜುಮ್ಮೆಂದಿತು. ಅಗೆದಂತೆ ಮೊದಲು ಇಟ್ಟಿಗೆ ಚೂರು, ಬೂದಿ, ತುಕ್ಕು ಹಿಡಿದ ಮೊಳೆ. ಅದರ ಕೆಳಗೆ ಸುಣ್ಣದ ಬಿಳಿ ಪದರ. ಅದರ ಕೆಳಗೆ ಕಪ್ಪು ಮೆತ್ತನೆಯ ಮಣ್ಣು. ಆ ದ್ವೀಪದ ನೆಲ ಮರಳು ಮರಳು, ಕುಸಿಯುತ್ತದೆ ಅಂತ ರೂತ್ ನಾಲ್ಕೂ ಬದಿಗೆ ಹಲಗೆ ಆನಿಸಿದರು. ಅವರಿಗೆ ಇಳಿದು ಹತ್ತಲು ಆಗದ್ದರಿಂದ ಆಳಕ್ಕೆ ಹೋದ ಮೇಲೆ ನಾನೇ ಇಳಿದೆ.

ಶುಕ್ರವಾರ ಅಪ್ಪ ಮಧ್ಯಾಹ್ನವೇ ಬಂದ. ನಾನು ಎದೆಮಟ್ಟದ ಗುಂಡಿಯಲ್ಲಿ ನಿಂತು ಸಣ್ಣ ಸಲಿಕೆಯಲ್ಲಿ ಕಪ್ಪು ಮಣ್ಣು ಬಕೀಟಿಗೆ ತುಂಬುತ್ತಿದ್ದೆ. ಕೈ, ಮೊಣಕಾಲು, ಗಲ್ಲ ಎಲ್ಲ ಕಪ್ಪು. ಮೇಲೆ ಅಪ್ಪನ ಆಫೀಸಿನ ಬೂಟುಗಳು ಕಂಡವು. ರೂತ್ ಸಂತೋಷದಿಂದ ಅವನಿಗೆ ವಿವರಿಸುತ್ತಿದ್ದರು. ಔಟ್‌ಹೌಸ್ ಎಂದರೆ ಏನೆಂದು ಅಪ್ಪನಿಗೆ ಯಾರೂ ಕನ್ನಡದಲ್ಲಿ ಹೇಳಬೇಕಿರಲಿಲ್ಲ. ಅವರ ಮಾತು ಮುಗಿಯುವ ಮೊದಲೇ ಅವನು ಬಾಗಿ ನನ್ನ ರಟ್ಟೆ ಹಿಡಿದು ಒಂದೇ ಎಳೆತಕ್ಕೆ ಮೇಲೆ ಎಳೆದುಕೊಂಡ. ನನ್ನ ಭುಜ ಹಲಗೆಗೆ ತರಚಿತು. ಅಪ್ಪ ನನ್ನನ್ನು ಅಷ್ಟು ಗಟ್ಟಿಯಾಗಿ ಮುಟ್ಟಿದ್ದು ಅದೇ ಮೊದಲು.

"ಅದು ಏನ್ ಗುಂಡಿ, ಗೊತ್ತೈತೇನು ನಿನಗ? ಪಾಯಖಾನಿ! ಮಂದಿ ಹೇತಿದ್ದ ಗುಂಡ್ಯಾಗ ಇಳದೀಯಲ್ಲ! ಯಾರು ಇಳಿ ಅಂದ್ರು? ಯಾರು ಇಳಿ ಅಂದ್ರು ನಿನಗ?"

ನನ್ನನ್ನು ಗಿಡಕ್ಕೆ ನೀರು ಬಿಡುವ ಪೈಪಿನ ಕೆಳಗೆ ನಿಲ್ಲಿಸಿ, ಬಟ್ಟೆ ಸಮೇತ ನೆನೆಸಿ, ಕೈಗಳನ್ನು ಹಿಡಿದು ಉಜ್ಜಿದ. ಉಗುರಿನ ಸಂದಿಯ ಮಣ್ಣು ಹೋದ ಮೇಲೂ ಉಜ್ಜುತ್ತಲೇ ಇದ್ದ. ಅವ್ವ ಮೆಟ್ಟಿಲ ಮೇಲೆ ಬಾಯಿಗೆ ಸೆರಗು ಹಿಡಿದು ನಿಂತಿದ್ದಳು. ರೂತ್ ಗಾಬರಿಯಾಗಿ, ಅದು ಮಣ್ಣಷ್ಟೇ, ನೂರು ವರ್ಷದ ಮೇಲಾಯಿತು, ಕ್ಷಮಿಸಿ, ಅಂತ ಏನೇನೋ ಹೇಳುತ್ತಿದ್ದರು. ಅಪ್ಪ ಅವರ ಕಡೆ ತಿರುಗಿ, ತೀರಾ ಮೆಲ್ಲಗೆ, ತೀರಾ ಸಭ್ಯವಾದ ಇಂಗ್ಲಿಷಿನಲ್ಲಿ, ದಯವಿಟ್ಟು ನಿಮ್ಮ ಮನೆಗೆ ಹೋಗಿ, ಅಂದ. ಅವರು ಸಲಾಕೆಯನ್ನೂ ಬಿಟ್ಟು ಹೋದರು.

ಗುಂಡಿಯ ಮೇಲೆ ಪ್ಲೈವುಡ್ ಹಲಗೆ ಮುಚ್ಚಿ ಅಪ್ಪ ಅದರ ಮೇಲೆ ಕಲ್ಲು ಇಟ್ಟ. ಮನೆಯಲ್ಲಿ ತಟ್ಟೆ ಇಡುವ ಸದ್ದು, ನಲ್ಲಿಯ ಸದ್ದು, ಅವ್ವ ರೊಟ್ಟಿ ಬಡಿಯುವ ಸದ್ದು, ಅಷ್ಟೇ. ರೂತ್ ಬೇಲಿಯಾಚೆ ಬಟ್ಟೆ ಒಣಗಿಸುವಾಗ ನಮ್ಮ ಕಡೆ ನೋಡುತ್ತಿರಲಿಲ್ಲ. ಅಪ್ಪ ದಿನಾ ಸಂಜೆ ಬಂದವನು ಚಹಾದ ಕಪ್ಪು ಹಿಡಿದು ಹಿತ್ತಲಿಗೆ ಹೋಗಿ ಆ ಹಲಗೆಯ ಪಕ್ಕ ಕೂರುತ್ತಿದ್ದ. ಚಹಾ ಆರಿಹೋಗುತ್ತಿತ್ತು. ಅಡುಗೆಮನೆಯ ಕಿಟಕಿಯಿಂದ ನಾನೂ ಅವ್ವನೂ ಅವನ ಬೆನ್ನು ನೋಡುತ್ತಿದ್ದೆವು. ಕೊನೆಗೆ ಅವ್ವನೇ ಒಂದು ದಿನ ಹಿಂಬಾಗಿಲು ತೆಗೆದು ಹೇಳಿದಳು.

"ಏನ್ರೀ, ಮುಚ್ಚೂದಾದ್ರ ಮಣ್ಣು ಹಾಕಿ ಮುಚ್ಚರಿ. ತೆಗಿಯೂದಾದ್ರ ತೆಗೀರಿ. ಹಿಂಗ ಹಲಗಿ ಹಾಕಿ ಅರ್ಧಕ್ಕ ಇಟ್ಟುಕೊಂಡು ಕುಂತ್ರ ಹೆಂಗ?"

ಮರುದಿನ ಶನಿವಾರ. ನಾನು ಹಾಲು ಕುಡಿಯುತ್ತಿದ್ದಾಗ ಅಪ್ಪ ಹಳೆಯ ಪ್ಯಾಂಟು ಮೊಣಕಾಲವರೆಗೆ ಮಡಚಿಕೊಂಡು ಹಿತ್ತಲಿಗೆ ಹೋದ. ಹಲಗೆ ಸರಿಸಿದ ಸದ್ದು ಕೇಳಿತು. ನಾನು ಹೋಗಿ ನೋಡುವಷ್ಟರಲ್ಲಿ ಗುಂಡಿಯೊಳಗೆ ಇಳಿದಿದ್ದ. ಆಮೇಲೆ ಬಾಗಿ ಒಂದು ಹಿಡಿ ಕಪ್ಪು ಮಣ್ಣು ತೆಗೆದು ಮೂಗಿನ ಹತ್ತಿರ ಹಿಡಿದ. ಕಣ್ಣು ಮುಚ್ಚಿ ಮೂಸಿದ. ಮತ್ತೆ ಮೂಸಿದ.

"ವಾಸನೀನ ಇಲ್ಲ," ಅಂದ. ನನಗೆ ಹೇಳಿದ್ದಲ್ಲ ಅದು. "ವಾಸನೀನ ಇಲ್ಲಲ್ಲ ಇದಕ್ಕ."

ಅವನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಮಣ್ಣಾಗಿದ್ದವು. ನಾನು ಗುಂಡಿಯ ಅಂಚಿಗೆ ಕೂತೆ. ಅವನು ಸಲಿಕೆ ಎತ್ತಿಕೊಂಡು ಅಗೆಯುತ್ತ, ನನ್ನ ಮುಖ ನೋಡದೆ, ತನ್ನ ಅವ್ವನ ಸಂಗತಿ ಹೇಳಿದ. ನಾನು ಹುಟ್ಟುವ ಮುಂಚೆಯೇ ಸತ್ತ ಆಯಿ ಅವಳು. ಮನೆಯಲ್ಲಿ ಒಂದು ಫೋಟೋ ಕೂಡ ಇರಲಿಲ್ಲ.

"ನಮ್ಮವ್ವ ಪಾಯಖಾನಿ ಬಳೀತಿದ್ದಳು. ಮಂದಿ ಮನಿ ಹಿಂದ ಓಣಿ ಇರ್ತಿತ್ತು, ಬರೇ ನಮ್ಮಂಥವರು ಹೋಗಾಕ. ನಾ ಮುಂದ ಹೋಗಿ ಕೂಗಬೇಕಾಗಿತ್ತು, ಬಂದೀವಿ ಅಂತ. ಆಕಿ ತಗಡಲೇ ಬಳದು ಬುಟ್ಟಿಗೆ ಹಾಕ್ಕೊಂಡು ತಲಿ ಮ್ಯಾಲೆ ಹೊರತಿದ್ದಳು. ಬುಡಕ್ಕ ಬೂದಿ ಹಾಕಿರ್ತಿದ್ದಳು. ಮಳಿ ಬಂತಂದ್ರ ಬೂದೀನೂ ತಡೀತಿದ್ದಿಲ್ಲ."

ಒಂದು ದಿನ ಅಪ್ಪನ ಶಾಲೆಯ ಮಾಸ್ತರರ ಮನೆ ಹಿಂದೆ ಹೀಗೇ ಕೂಗಿದಾಗ ಮಾಸ್ತರರೇ ಹಿಂಬಾಗಿಲಿಗೆ ಬಂದಿದ್ದರು. ಏನೂ ಅನ್ನಲಿಲ್ಲ, ಬಾಗಿಲು ಹಾಕಿಕೊಂಡರು. ಆ ದಿನದಿಂದ ತರಗತಿಯಲ್ಲಿ ಅಪ್ಪನಿಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಬೈದಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲ ಅಂದ ಅಪ್ಪ. ಸಲಿಕೆಯ ಮಣ್ಣನ್ನು ಬಕೀಟಿಗೆ ಸುರಿದ.

"ಆಕಿ ನನ್ನ ತಲಿ ಮ್ಯಾಲೆ ಎಂದೂ ಕೈ ಇಡಲಿಲ್ಲ, ರೇಣು. ಎಣ್ಣಿ ಹಚ್ಚೂದಾದ್ರೂ ನಮ್ಮತ್ತೀನ್ನ ಕರದು ಹಚ್ಚಸತಿದ್ದಳು. ಎಷ್ಟು ತಿಕ್ಕಿ ಜಳಕಾ ಮಾಡಿದ್ರೂ ಆಕಿಗೆ ತನ್ನ ಕೈ ತನಗ ಹೇಸಿಗಿ ಅನಸತಿತ್ತು. ನೀ ಅವತ್ತ ಇಲ್ಲಿ ನಿಂತಿದ್ದಿ ನೋಡು, ಕೈ ಎಲ್ಲಾ ಹಿಂಗ ಮಾಡ್ಕೊಂಡು…"

ನನಗೆ ಹನ್ನೊಂದು ವರ್ಷ. ಗುಡ್ಡದ ಮೇಲಿನ ಊಟ, ಈ ದ್ವೀಪ, ಖಾಲಿ ಕುರ್ಚಿಗಳು ಎಲ್ಲ ಒಂದಕ್ಕೊಂದು ಸೇರಿಕೊಳ್ಳುವುದು ನನಗೆ ಅಲ್ಲೇ, ಆ ಅಂಚಿನಲ್ಲೇ ತಿಳಿಯಿತು. ಅವ್ವನಿಗೆ ಎಲ್ಲ ಮೊದಲೇ ಗೊತ್ತಿತ್ತು. ಅವಳೂ ಅಂಥದೇ ಓಣಿಯಿಂದ ಬಂದವಳು. ಮಧ್ಯಾಹ್ನದ ಹೊತ್ತಿಗೆ ಅಪ್ಪ ಬೇಲಿಯ ಬಳಿ ಹೋಗಿ, ಮಿಸೆಸ್ ರೂತ್, ಅಂತ ಕರೆದ. ಅವರು ಬಂದು ಗುಂಡಿಯ ಪಕ್ಕ ಸ್ಟೂಲು ಹಾಕಿಕೊಂಡು ಕೂತರು. ಅಪ್ಪ ಅವರಿಗೆ ಏನನ್ನೂ ವಿವರಿಸಲಿಲ್ಲ, ಅವರೂ ಕೇಳಲಿಲ್ಲ. ತಳದಲ್ಲಿ ಔಷಧಿ ಸೀಸೆಗಳು, ಪಿಂಗಾಣಿ ಗೊಂಬೆಯ ಒಂದು ಕೈ, ಬುಡ ದುಂಡಗಿದ್ದ ಸೋಡಾ ಬಾಟಲಿ, ಒಂದು ಕಡುನೀಲಿ ಸೀಸೆ ಸಿಕ್ಕವು. ನೀಲಿ ಸೀಸೆಯನ್ನು ರೂತ್ ಬೆಳಕಿಗೆ ಹಿಡಿದು ನೋಡಿ, ಇದು ನಿಮ್ಮಲ್ಲೇ ಇರಲಿ, ಅಂತ ಅಪ್ಪನ ಕೈಗೇ ಕೊಟ್ಟರು. ಅಪ್ಪ ಅದನ್ನು ತೊಳೆದು ಅಡುಗೆಮನೆಯ ಕಿಟಕಿಯಲ್ಲಿಟ್ಟ. ಉಣ್ಣುವ ಜಾಗದಾಗ ಯಾಕ್ರೀ ಅಂತ ಅವ್ವ ಜಗಳವಾಡಿದಳು. ಮತ್ತೆ ಮತ್ತೆ ತೆಗೆದು ಹೊರಗಿಟ್ಟಳು. ಅವನು ಮತ್ತೆ ಮತ್ತೆ ತಂದು ಅಲ್ಲೇ ಇಟ್ಟ. ಕಡೆಗೆ ಅವಳೇ ಸುಮ್ಮನಾದಳು.

ನಾಗರಾಜ್ ಅಂಕಲ್ ಮನೆಯವರು ಬಂದದ್ದು ಅದಾದ ಕೆಲವು ವಾರಕ್ಕೆ, ಒಂದು ಭಾನುವಾರ. ಅವ್ವ ಬೆಳಿಗ್ಗೆಯಿಂದ ಒಲೆ ಮುಂದಿದ್ದಳು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಕೊನೆಗೆ ಗೋಧಿ ಹುಗ್ಗಿ. ನಾನೂ ವಿದ್ಯಾಳೂ ಮಹಡಿಯಲ್ಲಿ ಆಟವಾಡಿ ಊಟಕ್ಕೆ ಇಳಿದಿದ್ದೆವು. ವಿದ್ಯಾ ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಮೇಜಿನ ಕೆಳಗೆ ನನ್ನ ಕಾಲನ್ನು ತನ್ನ ಕಾಲಿನಿಂದ ತಟ್ಟುತ್ತಿದ್ದಳು. ಗೀತಾ ಆಂಟಿ ನೀರು ತೆಗೆದುಕೊಳ್ಳಲು ಎದ್ದವರು ಕಿಟಕಿಯ ಹತ್ತಿರ ನಿಂತು ನೀಲಿ ಸೀಸೆಯನ್ನು ಕೈಗೆತ್ತಿಕೊಂಡರು.

"ಅಯ್ಯೋ, ಎಷ್ಟು ಕ್ಯೂಟಾಗಿದೆ ಈ ಬ್ಲೂ ಬಾಟಲು! ಎಲ್ಲಿ ತಗೊಂಡ್ರಿ ಸಾವಿತ್ರಿ? ಆಂಟೀಕ್ ಶಾಪಲ್ಲಾ?"

ಅವ್ವ ಅಪ್ಪನ ಮುಖ ನೋಡಿದಳು. ಹೌದು ಎಂದರೆ ಸಾಕಿತ್ತು. ಹೌದು ಅನ್ನಲಿ ಅಂತ ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ಹಿತ್ತಲದಾಗ ಸಿಕ್ತು," ಅಂದ ಅಪ್ಪ. "ಹಳೇ ಪಾಯಖಾನಿ ಗುಂಡ್ಯಾಗ."

ಆಂಟಿ ಬಾಟಲಿಯನ್ನು ಥಟ್ಟನೆ ಕೆಳಗಿಟ್ಟು ನಲ್ಲಿ ತಿರುಗಿಸಿ ಕೈ ತೊಳೆದುಕೊಂಡರು. ಅಂಕಲ್ ಗಟ್ಟಿಯಾಗಿ ನಕ್ಕರು.

"ಏನ್ ಸಾರ್, ನೀವೇ ಇಳಿದ್ರಾ ಅದರೊಳಗೆ? ಒಳ್ಳೇ ಹಾಬಿ ಹಿಡ್ಕೊಂಡಿದ್ದೀರ! ನಮ್ಮೂರಲ್ಲಾಗಿದ್ರೆ ಅದಕ್ಕೇ ಅಂತ ಜನ ಇರ್ತಿದ್ರು."

"ಹೌದ್ರಿ, ಇರ್ತಿದ್ರು," ಅಂದ ಅಪ್ಪ. ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತ್ತು. "ನಮ್ಮವ್ವ ಇದ್ದಳು."

ಅಂಕಲ್‌ಗೆ ಮೊದಲು ತಿಳಿಯಲಿಲ್ಲ. ನಗು ಮುಖದ ಮೇಲೆ ಇನ್ನೂ ಇತ್ತು. ಆಂಟಿಗೆ ತಿಳಿಯಿತು. ಅವರು ನಲ್ಲಿಯ ಹತ್ತಿರವೇ ನಿಂತಿದ್ದರು, ಬಟ್ಟೆಯಿಂದ ಕೈ ಒರೆಸುತ್ತ. ಅಪ್ಪ ಮತ್ತೊಮ್ಮೆ ಹೇಳಿದ, ಈ ಸಲ ಪೂರ್ತಿಯಾಗಿ, ಯಾವ ಓಣಿ ಎನ್ನುವುದನ್ನೂ ಸೇರಿಸಿ.

"ಅಯ್ಯೋ, ಅದರಲ್ಲೇನಿದೆ ಸಾರ್," ಅಂದರು ಅಂಕಲ್. "ನಾವೆಲ್ಲ ಅದನ್ನೆಲ್ಲ ನೋಡೋರೇ ಅಲ್ಲ. ಈ ದೇಶಕ್ಕೆ ಬಂದ್ಮೇಲೆ ಯಾವ ಜಾತಿ, ಯಾವ ಗೀತಿ?"

ಎಲ್ಲರೂ ಒಳ್ಳೆಯ ಮಾತೇ ಆಡಿದರು. ಬಿಸಿಲಿನ ಬಗ್ಗೆ, ಫ್ರೀವೇ ಬಗ್ಗೆ ಮಾತು ಹೊರಳಿತು. ಅವ್ವ ಹುಗ್ಗಿಯ ಪಾತ್ರೆ ತಂದಾಗ ಗೀತಾ ಆಂಟಿ, ಬೇಡ ಸಾವಿತ್ರಿ, ಹೊಟ್ಟೆ ತುಂಬಿಬಿಟ್ಟಿದೆ, ಅಂದರು. ವಿದ್ಯಾ ಬಟ್ಟಲು ಮುಂದೆ ಚಾಚಿದ್ದಳು. ಆಂಟಿ ಅದನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡು, ನಾಳೆ ಸ್ಕೂಲಿದೆ ಅಲ್ವಾ ಪುಟ್ಟಾ, ಸ್ವೀಟ್ ಬೇಡ, ಅಂದರು. ಅವರ ಕಾರು ತಿರುವಿನಲ್ಲಿ ಮರೆಯಾದ ಮೇಲೂ ಅವ್ವ ಬಾಗಿಲಲ್ಲೇ ನಿಂತಿದ್ದಳು.

"ಹೇಳಬೇಕಾಗಿತ್ತೇನ್ರಿ? ಇದ್ದಾವರು ಅವರೊಬ್ಬರು."

"ಎಷ್ಟು ದಿನಾಂತ ಆಕೀನ್ನ ಮುಚ್ಚಿಡಲಿ, ಸಾವಿತ್ರಿ?" ಅಂದ ಅಪ್ಪ. "ಸತ್ತಮ್ಯಾಲೂ ಆಕಿ ಹಿಂದಿನ ಓಣ್ಯಾಗನ ನಿಂದರಬೇಕೇನು?"

ಪಾತ್ರೆಯ ತುಂಬ ಉಳಿದ ಹುಗ್ಗಿಯನ್ನು ನಾವು ಎರಡು ದಿನ ತಿಂದೆವು.

ಮುಂದಿನ ತಿಂಗಳು ನಾನೇ ವಿದ್ಯಾಳಿಗೆ ಫೋನು ಮಾಡಿದೆ. ಆಂಟಿ ಎತ್ತಿದರು. ಅವಳು ಕ್ಲಾಸಿಗೆ ಹೋಗಿದ್ದಾಳೆ ಕಣಮ್ಮ, ಈಗ ತುಂಬಾ ಬಿಜಿ, ಅಂದರು. ಹಿಂದಿನಿಂದ ವಿದ್ಯಾಳ ದನಿ ಕೇಳುತ್ತಿತ್ತು, ಯಾರು, ಯಾರು ಅಂತ ಇಂಗ್ಲಿಷಿನಲ್ಲಿ ಕೇಳುತ್ತಿದ್ದಳು. ಮತ್ತೊಮ್ಮೆ ಮಾಡಿದಾಗ, ಮೆಸೇಜು ಬಿಡಿ ಎನ್ನುವ ಮಶೀನು ಎತ್ತಿತು. ಅವಳ ಹುಟ್ಟುಹಬ್ಬ ಬಂತು, ಹೋಯಿತು. ನಾನು ಅಪ್ಪನ ಜೊತೆ ಮಾತು ಬಿಟ್ಟೆ. ಆಯಿ ಮೇಲೆ ನನಗೆ ಸಿಟ್ಟಿರಲಿಲ್ಲ, ಗೀತಾ ಆಂಟಿ ಮೇಲೆ ಕೂಡ ಅಷ್ಟಿರಲಿಲ್ಲ. ಸಿಟ್ಟೆಲ್ಲ ಅಪ್ಪನ ಮೇಲೆ. ಅವನ ಸತ್ಯಕ್ಕೆ ನನ್ನ ಗೆಳತಿಯನ್ನು ಯಾಕೆ ಕೊಡಬೇಕಿತ್ತು? ಶಾಲೆಯಿಂದ ಬಂದು ಮಹಡಿ ಹತ್ತಿದರೆ ಊಟಕ್ಕೆ ಮಾತ್ರ ಇಳಿಯುತ್ತಿದ್ದೆ. ಅಪ್ಪ ಊಟದ ಹೊತ್ತಿಗೆ ನನ್ನನ್ನು ಒಂದೆರಡು ಸಲ ಏನೋ ಕೇಳಿ, ಉತ್ತರ ಬಾರದೆ, ತಟ್ಟೆ ನೋಡುತ್ತಿದ್ದ. ಈಗ ಅವನಿಲ್ಲ. ಆಗಿನ ಅವನ ವಯಸ್ಸನ್ನು ನಾನು ದಾಟಿದ್ದೇನೆ. ಆ ಮೇಜಿನ ಎರಡು ತುದಿಗಳಲ್ಲಿ ನಾವಿಬ್ಬರೂ ಎಷ್ಟು ಒಂಟಿಯಾಗಿದ್ದೆವು ಎನ್ನುವುದು ಈಗ ಕಾಣುತ್ತದೆ. ಅವನ ಒಂಟಿತನ ನನ್ನದಕ್ಕಿಂತ ಹಳೆಯದು, ಅಷ್ಟೇ.

ಚಳಿಗಾಲ ಕಳೆದ ಮೇಲೆ ರೂತ್ ಬಂದು ಓಕ್ಲೆಂಡಿನಲ್ಲಿ ಒಂದು ಹಳೆಯ ಮನೆ ಕೆಡವಿದ್ದಾರೆ, ಹಿಂದಿನ ಜಾಗ ಅಗೆಯಲು ಮಾಲೀಕರು ಒಪ್ಪಿದ್ದಾರೆ, ತನ್ನ ಗಂಡನ ಗೆಳೆಯರು ಒಂದಿಬ್ಬರು ಬರುತ್ತಾರೆ, ಬರುತ್ತೀರಾ ಅಂತ ಅಪ್ಪನನ್ನು ಕೇಳಿದರು. ಅಪ್ಪ ಒಪ್ಪಿದ. ಭಾನುವಾರ ನನಗೆ ಹೋಗಲು ಬೇರೆ ಕಡೆ ಇರಲಿಲ್ಲ, ಹಿಂದಿನ ಸೀಟಿನಲ್ಲಿ ಕೂತು ನಾನೂ ಹೋದೆ. ಅಲ್ಲಿ ಇಬ್ಬರು ಬಿಳಿಯ ಗಂಡಸರು ಆಗಲೇ ಅರ್ಧ ಅಗೆದು ದಣಿದು ನಿಂತಿದ್ದರು. ಅಪ್ಪ ಶರ್ಟಿನ ತೋಳು ಮಡಚಿ ಏಣಿಗೆ ಕಾಲಿಟ್ಟ. ಗಡ್ಡದವನೊಬ್ಬ, ಇದಕ್ಕೆ ಹೊಸಬರಾ, ಅಂತ ನಗುತ್ತ ಕೇಳಿದ.

"ಇಲ್ಲ," ಅಂದ ಅಪ್ಪ, ತನ್ನ ನಿಧಾನದ ಇಂಗ್ಲಿಷಿನಲ್ಲಿ. "ಇದು ನಮ್ಮ ತಾಯಿ ಮಾಡುತ್ತಿದ್ದ ಕೆಲಸ."

"ಓ, ಗ್ರೇಟ್!" ಅಂದ ಆ ಮನುಷ್ಯ, ನಿಜವಾದ ಖುಷಿಯಿಂದ. "ಅವರಿಗೂ ಬಾಟಲಿ ಕಲೆಕ್ಟ್ ಮಾಡುವ ಹುಚ್ಚಿತ್ತಾ?"

ಅಪ್ಪ ತಲೆಯೆತ್ತಿ ನನ್ನನ್ನು ನೋಡಿದ. ಆ ಬಯಲಿನಲ್ಲಿ, ಅಷ್ಟು ಜನರ ನಡುವೆ, ಆ ಮಾತು ತಿಳಿದವಳು ನಾನೊಬ್ಬಳೇ ಇದ್ದೆ. ತಿಂಗಳುಗಳಿಂದ ಆಡದಿದ್ದ ಮಾತು ತಾನಾಗಿ ಬಾಯಿಗೆ ಬಂತು.

"ಅಪ್ಪಾ, ನಾನೂ ಇಳೀಲೇನು?"

"ಬ್ಯಾಡ," ಅಂದ ಅವನು. ಅರ್ಧ ಏಣಿಯಲ್ಲಿ ನಿಂತು ನನ್ನ ಕೈಗೆ ಬಕೀಟಿನ ಹಗ್ಗ ಕೊಟ್ಟ. "ನಾ ಇಳೀತೀನಿ. ನೀ ಮ್ಯಾಲೇ ಇರು."

ಅವನ ತಲೆ ನೆಲದ ಮಟ್ಟಕ್ಕಿಂತ ಕೆಳಗೆ ಹೋಯಿತು. ಹಗ್ಗ ಜಗ್ಗಿದಾಗಲೆಲ್ಲ ನಾನು ಮಣ್ಣು ಮೇಲೆ ಎಳೆದು ಸುರಿದು, ಖಾಲಿ ಬಕೀಟನ್ನು ಮತ್ತೆ ಅವನ ಕಡೆಗೆ ಇಳಿಬಿಟ್ಟೆ.